ಗೋಣು ಹಾಕಿದ ಮೇಲೆ

ಮನುಷ್ಯನಿಗೆ ತಲೆ ಇರುವುದು ಯೋಚನೆ ಮಾಡಲು ಎಂದು ನಂಬಿರುವವರು ನನ್ನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಬೇಕು. ತಲೆ ಇರುವುದು ಆಡಿಸಲು. ಬಸವೇಶ್ವರನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಒಂದು ಪಕ್ಕ ದೋಸೆ ಹೋಟೆಲು, ಇನ್ನೊಂದು ಪಕ್ಕ ಹಲ್ಲಿನ ಡಾಕ್ಟರು, ನಡುವೆ ನಾನು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಪರೀಕ್ಷೆಯ ಫ್ರೇಮು ಏರಿಸಿ, ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವುದು ನನ್ನ ಕಸುಬು. ಮೊದಲ ಗಾಜಿಗೂ ತಲೆ ಆಡಿಸುತ್ತಾರೆ, ಎರಡನೆಯದಕ್ಕೂ ಆಡಿಸುತ್ತಾರೆ. ಒಮ್ಮೆ ಪರೀಕ್ಷೆಗೆಂದೇ ಖಾಲಿ ಫ್ರೇಮು ಹಾಕಿ ಕೇಳಿದೆ, ಅದಕ್ಕೂ ಆಡಿಸಿದರು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಹೋಗಿ, ಒಂದು ವಾರ ಬಿಟ್ಟು ಬಂದು, ಸೂಜಿ ಎರಡೆರಡು ಕಾಣುತ್ತದೆ ಎಂದರು. "ಯಾಕಮ್ಮ, ಅವತ್ತೇ ಹೇಳಬಾರದಾಗಿತ್ತಾ? ತಲೆ ಆಡಿಸಿದ್ರಲ್ಲ?" ಎಂದೆ. "ಬಿಡಿ ಸಾರ್, ನೀವು ಅಷ್ಟೊಂದು ಕಷ್ಟಪಟ್ಟು ಒಂದೊಂದೇ ಹಾಕ್ತಾ ಇದ್ರಿ. ಇಲ್ಲ ಅಂದ್ರೆ ಬೇಜಾರ್ ಮಾಡ್ಕೋತೀರೇನೋ ಅಂತ..." ಎಂದರು. ನನ್ನ ಬೇಜಾರು ತಪ್ಪಿಸಲು ಆಕೆ ಒಂದು ವಾರ ಬೆರಳು ಚುಚ್ಚಿಸಿಕೊಂಡಿದ್ದರು. ಆಗ ನಾನು ಇದನ್ನು ಹೋದಬಂದವರಿಗೆಲ್ಲ ಹೇಳಿ ನಗುತ್ತಿದ್ದೆ.

ನಮ್ಮದು ತುಮಕೂರಿನ ಕಡೆಯ ಮನೆತನವಾದರೂ ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರ. ನಮ್ಮಲ್ಲಿ ಇದಕ್ಕೆ 'ತಲೆ ಆಡಿಸು' ಎಂದೇ ಹೇಳುವುದು. 'ಗೋಣು ಹಾಕು' ಎಂಬ ಮಾತು ನನಗೆ ಹೆಂಡತಿಯ ಜೊತೆಗೆ ಬಂತು. ಅನ್ನಪೂರ್ಣ ಹಾವೇರಿಯ ಕಡೆಯವಳು. ಹೆಣ್ಣು ನೋಡಲು ಹೋದಾಗ ಅವಳ ಅಪ್ಪ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ಹೆಂಗರೀ, ಒಪ್ಪಿಗಿ ಆತೇನು?" ಎಂದು ನೇರವಾಗಿ ಕೇಳಿದರು. ಬಾಯಲ್ಲಿ ಉಪ್ಪಿಟ್ಟಿತ್ತು. ತಲೆ ಆಡಿಸಿದೆ. ಒಳಗಿನಿಂದ, ಬಾಗಿಲ ಮರೆಯಿಂದ, ಒಂದು ಹೆಣ್ಣು ದನಿ ಆತುರದಿಂದ ಕೇಳಿತು: "ಗೋಣ ಹಾಕಿದ್ರೇನ?" ನನಗೆ ಗೊತ್ತಿದ್ದ ಗೋಣು ಒಂದೇ. ಚಿಕ್ಕಂದಿನಲ್ಲಿ ನಮ್ಮ ಅಜ್ಜಿ ಸಿಟ್ಟು ಬಂದಾಗಲೆಲ್ಲ ಗೋಣು ಮುರೀತೀನಿ ಎನ್ನುತ್ತಿದ್ದರು. ಈ ಮನೆಯವರಿಗೆ ನನ್ನ ಕುತ್ತಿಗೆಯಲ್ಲಿ ಏನು ಕೆಲಸ ಎಂದು ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಆ ದನಿ ನಮ್ಮ ಅತ್ತೆ ಬಸಲಿಂಗವ್ವನವರದು. ಆಮೇಲೆ ಎಷ್ಟೋ ವರ್ಷ ನಾನು ಆ ದನಿಯನ್ನು ಅಷ್ಟು ಸ್ಪಷ್ಟವಾಗಿ ಕೇಳಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಈ ಗೋಣಿನ ಪೂರ್ವಾಪರ ಸ್ವಲ್ಪ ಹೇಳಿಬಿಡಬೇಕು. ನನ್ನ ಅಂಗಡಿಯಲ್ಲಿ ಒಂದು ದಪ್ಪ ಹಳೆಯ ಕನ್ನಡ ನಿಘಂಟಿದೆ. ಅದನ್ನು ತಂದದ್ದು ವಿದ್ಯೆಗಲ್ಲ, ವ್ಯಾಪಾರಕ್ಕೆ. ಹತ್ತಿರದ ದೃಷ್ಟಿ ಪರೀಕ್ಷಿಸಲು ಕಂಪನಿಯವರು ಕೊಟ್ಟ ಕಾರ್ಡನ್ನು ಬಸವೇಶ್ವರನಗರದ ಅರ್ಧ ಜನ ಬಾಯಿಪಾಠ ಮಾಡಿಬಿಟ್ಟಿದ್ದರು. ನಿಘಂಟಿನ ಇರುವೆಯಂಥ ಅಕ್ಷರ ಯಾರಿಗೂ ಬಾಯಿಗೆ ಬರುವುದಿಲ್ಲ. ಬೆನ್ನು ಮುರಿದ ಪುಸ್ತಕವಾದ್ದರಿಂದ ತೆಗೆದಾಗಲೆಲ್ಲ ಗಕಾರದ ಅದೇ ಪುಟ ತೆರೆದುಕೊಳ್ಳುತ್ತದೆ. ಹಾಗಾಗಿ ಊರಿನ ಅರವತ್ತು ದಾಟಿದವರೆಲ್ಲ ನನ್ನೆದುರು ಕೂತು ಗೋಣು, ಗೋಣಾಳಿ ಎಂದು ಓದಿದ್ದಾರೆ. ಹಳಗನ್ನಡದಲ್ಲಿ ಅದು ಗೋಣ್. ಎಂದರೆ ಕತ್ತು, ಕೊರಳು. ಗೋಣಾಳಿ ಎಂದರೆ ಗಂಟಲ ನಾಳ. ಸನ್ನೆ ಎನ್ನುವ ಮಾತಿಗಾದರೆ ದೊಡ್ಡ ಮನೆತನದ ಹಿನ್ನೆಲೆ ಇದೆ, ಅದು ಸಂಸ್ಕೃತದಲ್ಲಿ ಶಾಲು ಹೊದ್ದು ಕೂತಿದ್ದ ಸಂಜ್ಞೆ. ಪ್ರಾಕೃತದ ಓಣಿಗಳಲ್ಲಿ ಸುತ್ತಾಡಿ ಸವೆದು ನಮ್ಮ ಮನೆಗೆ ಬರುವಷ್ಟರಲ್ಲಿ ಸನ್ನೆಯಾಯಿತು. ಗೋಣು ಎಲ್ಲಿಂದಲೂ ಬಂದ ಹಾಗೆ ಕಾಣುವುದಿಲ್ಲ, ಇಲ್ಲೇ ಇದ್ದದ್ದು. ನಮ್ಮ ಕಡೆ ಅದು ಬೈಗುಳಕ್ಕೆ ಮಾತ್ರ ಉಳಿಯಿತು, ಹಾವೇರಿಯ ಕಡೆ ಒಪ್ಪಿಗೆಗೂ ಉಳಿಯಿತು. ಗೋಣು ಹಾಕುವುದು ಎನ್ನುತ್ತಾರಲ್ಲ, ಆ 'ಹಾಕು' ಯಾಕೆ ಎಂದು ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಯೋಚಿಸಿದ್ದೇನೆ. ರುಜು ಹಾಕುತ್ತೇವೆ, ಓಟು ಹಾಕುತ್ತೇವೆ, ಹಾಗೆಯೇ ಗೋಣು ಹಾಕುತ್ತೇವೆ. ಮೂರನ್ನೂ ಹಾಕಿದ ಮೇಲೆ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಇದು ನಿಘಂಟಿನಲ್ಲಿಲ್ಲ, ನಾನು ಕಂಡುಹಿಡಿದದ್ದು. ಗೋಣು ಚೆಲ್ಲುವುದು ಎಂದು ಇನ್ನೊಂದಿದೆ. ಅದರ ಅರ್ಥ ಪುಸ್ತಕದಲ್ಲಿ ಓದಿ ಗೊತ್ತಿತ್ತು, ಅಷ್ಟೆ.

ಈಗ ಅತ್ತೆಯವರ ವಿಷಯ. ಅವರ ಮನೆತನದಲ್ಲಿ ಅಳಿಯನ ಎದುರು ಅತ್ತೆ ನಿಲ್ಲುವುದಿಲ್ಲ, ಕೂರುವುದಿಲ್ಲ, ಮಾತಾಡುವುದಿಲ್ಲ. ಇದು ಜಗಳವಲ್ಲ, ಗೌರವ. ನನ್ನಂಥ ಅಳಿಯನಿಗೆ ಇಷ್ಟೊಂದು ಗೌರವ ದಂಡವೇ, ಆದರೆ ಪದ್ಧತಿ ಆಳು ನೋಡಿ ಬರುವುದಿಲ್ಲವಲ್ಲ. ಮಾವನವರು ತೀರಿಕೊಂಡಾಗ, ಹದಿನೈದು ದಿನ ಮಗಳ ಮನೆಯಲ್ಲಿರಲಿ ಎಂದು ಅತ್ತೆಯವರನ್ನು ಕರೆದುಕೊಂಡು ಬಂದೆವು. ಅವರ ಮಗ ಶೇಖರಪ್ಪ ಸರ್ಕಾರಿ ನೌಕರ, ಆಗ ಅವನಿಗೆ ವರ್ಷಕ್ಕೊಂದು ಊರಿಗೆ ವರ್ಗ. ಹದಿನೈದು ದಿನ ಹಾಗೇ ವರ್ಷಗಳಾದವು. ನಮಗೆ ಮಕ್ಕಳಾಗಲಿಲ್ಲ. ಆ ಕೊರತೆಯ ಮನೆಯಲ್ಲಿ ಇನ್ನೊಂದು ಜೀವ ಓಡಾಡಿಕೊಂಡಿದ್ದದ್ದು ನಮಗಿಬ್ಬರಿಗೂ ಆಸರೆಯೇ ಆಗಿತ್ತು. ಆದರೆ ನಡುಮನೆ, ಒಂದು ರೂಮು, ಒಂದು ಅಡುಗೆಮನೆಯ ಬಾಡಿಗೆ ಪೋರ್ಷನ್ನಿನಲ್ಲಿ ಈ ಗೌರವವನ್ನು ಕಾಪಾಡುವುದು ಸರ್ಕಸ್ಸು. ನಾನು ಬಚ್ಚಲಿಗೆ ಹೋಗಬೇಕಾದರೆ ಮೊದಲು ಕೆಮ್ಮಬೇಕು. ಕೆಮ್ಮಿದರೆ ಅವರು ಸೆರಗು ತಲೆಗೆಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಾರೆ. ಕೆಮ್ಮಿ ಕೆಮ್ಮಿ ಕೆಳಗಿನ ಮನೆಯ ಓನರ್ ಪದ್ಮಾ ಆಂಟಿಗೆ ಅನುಮಾನ ಬಂದು, "ಒಂದ್ ಸಲ ಎಕ್ಸ್‌ರೇ ತೆಗೆಸ್ಬಿಡಿ ಅಣ್ಣ, ಲೇಟ್ ಮಾಡ್ಬೇಡಿ" ಎಂದರು. ಮಾತೆಲ್ಲ ಅನ್ನಪೂರ್ಣೆಯ ಮೂಲಕ. ಬಾಗಿಲ ಹಿಂದೆ ಅವಳ ಕಿವಿಯಲ್ಲಿ ಪಿಸುಪಿಸು. ಅವಳು ಹೊರಗೆ ಬಂದು, "ಅವ್ವ ಕೇಳಾಕತ್ತಾಳ, ಪಲ್ಯಾಕ್ಕ ಖಾರ ಹೆಚ್ಚಾತೇನಂತ" ಎನ್ನುತ್ತಾಳೆ. "ಚೆನ್ನಾಗಿದೆ ಅಂತ ಹೇಳು" ಎಂದು ನಾನು ಗೋಡೆಗೆ ಕೇಳುವ ಹಾಗೆ ಹೇಳುತ್ತೇನೆ. "ಚಲೋ ಆಗೇತಂತವಾ" ಎಂದು ಅವಳು ಮತ್ತೆ ಒಳಗೆ ಹೋಗಿ ಹೇಳುತ್ತಾಳೆ. "ನಿಮ್ಮಿಬ್ಬರ ನಡುವ ನಾ ಪೋಸ್ಟ್‌ಮ್ಯಾನ್ ಆಗೀನಿ, ಪಗಾರಾ ಯಾರು ಕೊಡವ್ರು?" ಎಂದು ನಗುತ್ತಿದ್ದಳು.

ಅತ್ತೆಯವರಿಗೆ ಕನ್ನಡಕ ಮಾಡಿಸಿದ ಕಥೆಯನ್ನೂ ಹೇಳಬೇಕು. ಅವರು ಅಕ್ಕಿಯಲ್ಲಿ ಕಲ್ಲು ಕಾಣದೆ ಒದ್ದಾಡುತ್ತಿದ್ದರು. ಅಳಿಯನೇ ಕನ್ನಡಕದವನು, ಆದರೆ ಪರೀಕ್ಷೆಯೆಂದರೆ ಮುಖಕ್ಕೆ ಮುಖ ಕೊಟ್ಟು, ಮೊಳದ ಅಂತರದಲ್ಲಿ ಕೂರಬೇಕು. ಅದು ಸಾಧ್ಯವೇ? ಬೇರೆ ಅಂಗಡಿಗೆ ಕರೆದುಕೊಂಡು ಹೋದರೆ ಅಳಿಯನಿಗೆ ಅವಮಾನವೆಂದು ಅವರೇ ಬೇಡ ಎಂದರಂತೆ. ಕಡೆಗೆ ಗಾಜಿನ ಪೆಟ್ಟಿಗೆಯನ್ನೇ ಮನೆಗೆ ತಂದೆ. ಅತ್ತೆ ರೂಮಿನೊಳಗೆ ಮಂಚದ ಮೇಲೆ, ನಾನು ಬಾಗಿಲಾಚೆ ನೆಲದ ಮೇಲೆ, ನಡುವೆ ಗಾಜು ಹಿಡಿದುಕೊಂಡು ಅನ್ನಪೂರ್ಣ. ನಾನು ಹೊರಗಿನಿಂದ "ಈಗ ಇದನ್ನ ಹಾಕು, ಕೇಳು" ಎನ್ನುವುದು, ಅವಳು ಒಳಗೆ ಕೇಳುವುದು, "ಗೋಣ ಹಾಕಿದಳ್ರೀ" ಎಂದು ಕೂಗುವುದು. ಎರಡನೆಯ ಗಾಜಿಗೇ ಪರೀಕ್ಷೆ ಮುಗಿಯಿತು. ಇಷ್ಟು ಸಲೀಸಾದ ಗಿರಾಕಿ ಇದುವರೆಗೆ ಸಿಕ್ಕಿರಲಿಲ್ಲ ಎಂದು ಖುಷಿಯಾಗಿ, ದಿನವಿಡೀ ಹಾಕಿಕೊಳ್ಳಲಿ ಎಂದು ದೂರಕ್ಕೂ ಹತ್ತಿರಕ್ಕೂ ಆಗುವ ಗಾಜನ್ನು ಒಳ್ಳೆಯ ಹಗುರ ಫ್ರೇಮಿನಲ್ಲಿ ಹಾಕಿಸಿಕೊಟ್ಟೆ. ಕನ್ನಡಕದ ಅಂಗಡಿಯವನ ಮನೆಯಲ್ಲಿ ಎಲ್ಲರ ದೃಷ್ಟಿಯೂ ಸರಿಯಿದೆ ಎಂದು ಜಂಬವೂ ಇತ್ತು.

ಹೋದ ವರ್ಷ ಅನ್ನಪೂರ್ಣ ಹೋದಳು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದು, ಅದು ಶ್ವಾಸಕೋಶಕ್ಕೆ ಇಳಿಯಿತು. ಬಾಯಿಗೆ ನಳಿಗೆ ಹಾಕಿದ್ದರು. ಮನೆಯಲ್ಲಿ ಇಬ್ಬರ ಮಾತನ್ನೂ ಹೊತ್ತು ತಿರುಗುತ್ತಿದ್ದವಳ ಮಾತು ಹಾಗೆ ನಿಂತುಹೋಯಿತು. ಕೊನೆಯ ಸಂಜೆ ನನ್ನನ್ನು ಒಳಗೆ ಬಿಟ್ಟಾಗ ಅವಳು ಕಣ್ಣು ತೆರೆದು, ಕಷ್ಟಪಟ್ಟು, ಗದ್ದವನ್ನು ಬಾಗಿಲಿನ ಕಡೆಗೆ ಚೂರೇ ಚೂರು ಎತ್ತಿದಳು. ಬಾಗಿಲಾಚೆ ಬೆಂಚಿನ ಮೇಲೆ ಅವಳ ಅವ್ವ ಕೂತಿದ್ದರು. ಏನು ಹೇಳುತ್ತಿದ್ದಾಳೆಂದು ಕೇಳುವ ಅಗತ್ಯವಿರಲಿಲ್ಲ. ನಾನು ಗೋಣು ಹಾಕಿದೆ. ಅವಳಿಗೆ ಸಮಾಧಾನವಾಗಲಿಲ್ಲವೋ ಏನೋ, ಮತ್ತೊಮ್ಮೆ ಗದ್ದ ಎತ್ತಿದಳು. ನಾನು ಇನ್ನೂ ದೊಡ್ಡದಾಗಿ ಗೋಣು ಹಾಕಿದೆ. ಬೆಳಗಿನ ಹೊತ್ತಿಗೆ ಮುಗಿದಿತ್ತು. ಅತ್ತೆಯನ್ನು ಒಳಗೆ ಕರೆದಾಗ ಅವರು ಮಗಳ ತಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಮಾಡಿದರು. ಅದು ಮತ್ತೆ ವಾಲಿತು. "ಗೋಣ ಚೆಲ್ಲಿದಳಲ್ಲೋ ನನ್ನವ್ವಾ" ಎಂದು ಅತ್ತರು. ಆ ದನಿಯನ್ನು ನಾನು ಎರಡನೆಯ ಸಲ ಕೇಳಿದ್ದು ಹಾಗೆ. ಸತ್ತಳು ಎನ್ನುವ ಮಾತಿಗಿಂತ ಆ ಮಾತು ನನಗೆ ಹೆಚ್ಚು ಸಂಕಟ ಕೊಟ್ಟಿತು, ಈಗಲೂ ಕೊಡುತ್ತದೆ.

ಕ್ರಿಯಾಕರ್ಮ ಮುಗಿದು ನೆಂಟರೆಲ್ಲ ಹೋದರು. ಮನೆಯಲ್ಲಿ ಉಳಿದವರು ಒಬ್ಬರೊಡನೊಬ್ಬರು ಮಾತಾಡದ ಇಬ್ಬರು. ಪೋಸ್ಟ್‌ಮ್ಯಾನ್ ಇಲ್ಲದ ಊರು. ಮೊದಲ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಲೋಟ ಟಕ್ ಟಕ್ ಎಂದಿತು. ಹೋಗಿ ನೋಡಿದರೆ ಚಹಾ ಇದೆ, ಅತ್ತೆ ಬಾಗಿಲ ಹಿಂದಿದ್ದಾರೆ, ಸೆರಗಿನ ಅಂಚು ಮಾತ್ರ ಕಾಣುತ್ತಿದೆ. ಏನು ಹೇಳಬೇಕೆಂದು ತಿಳಿಯದೆ ಬಾಗಿಲಿಗೆ ಗೋಣು ಹಾಕಿದೆ. ಸೆರಗೂ ಅಲುಗಿತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಸಂಸಾರದ ಹೊಸ ಭಾಷೆ. ಸೆರಗಿನೊಳಗೇ ಅವರು ಗದ್ದ ಎತ್ತಿದರೆ 'ಏನು?', ಬೀದಿಯ ಕಡೆ ಗೋಣು ತಿರುಗಿಸಿದರೆ 'ಅಂಗಡಿಗೆ ಹೊತ್ತಾಯಿತು'. ನಾನು ಗಡಿಯಾರ ನೋಡಿ ಗೋಣು ಅಲ್ಲಾಡಿಸಿದರೆ 'ರಾತ್ರಿ ಊಟಕ್ಕೆ ತಡ'. ಊಟದ ಹೊತ್ತಿಗೆ ಮಾತ್ರ ವ್ಯಾಕರಣ ಕೈಕೊಡುತ್ತಿತ್ತು. ಅವರು ಬಾಗಿಲ ಮರೆಯಿಂದ ರೊಟ್ಟಿ ತೋರಿಸಿ ಗದ್ದ ಎತ್ತುತ್ತಾರೆ. ಬೇಡ ಎಂದರೆ ಏನು ತಿಳಿದುಕೊಳ್ಳುತ್ತಾರೋ ಎಂದು ನಾನು ಗೋಣು ಹಾಕುತ್ತೇನೆ. ಹಾಕಿದರೆ ರೊಟ್ಟಿ ಬರುತ್ತದೆ. ಬಂದದ್ದಕ್ಕೆ ಉಪಕಾರವಾಯಿತು ಎಂದು ಮತ್ತೆ ಗೋಣು ಹಾಕುತ್ತೇನೆ. ಅವರು ಅದನ್ನು ಇನ್ನೊಂದು ಬೇಕು ಎಂದು ತಿಳಿದು ಮತ್ತೆ ತಟ್ಟುತ್ತಾರೆ. ಹೀಗೆ ಹೆಂಡತಿ ಸತ್ತ ದುಃಖದಲ್ಲಿ ನಾನು ದಪ್ಪಗಾದೆ. "ಏನ್ ಸಾರ್, ಇಳಿದುಹೋಗ್ತೀರಾ ಅಂತ ಅಂದ್ಕೊಂಡಿದ್ದೆ..." ಎಂದು ಪಕ್ಕದ ಹೋಟೆಲಿನವನು ಅರ್ಧಕ್ಕೆ ನಿಲ್ಲಿಸಿದ. ಅವನಿಗೂ ಗೋಣು ಹಾಕಿದೆ. ನಿಜ ಹೇಳಬೇಕೆಂದರೆ, ದಿನವಿಡೀ ಅಂಗಡಿಯಲ್ಲಿ ಮಾತಾಡಿ ದಣಿದು ಬಂದವನಿಗೆ ಆ ಮಾತಿಲ್ಲದ ಮನೆಯಲ್ಲಿ ಜೀವ ಉಳಿದಿತ್ತು. ಬಾಗಿಲ ಹಿಂದೆ ಒಬ್ಬರು ರೊಟ್ಟಿ ತಟ್ಟುವ ಸದ್ದು ಕೇಳುತ್ತಿದ್ದರೆ ಅನ್ನಪೂರ್ಣ ಅಲ್ಲೇ ಎಲ್ಲೋ ಇದ್ದಾಳೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಶೇಖರಪ್ಪ, ಅವನ ಹೆಂಡತಿ ಶೈಲಾ ಕಾರಿನಲ್ಲಿ ಬಂದರು. ಈಗ ಅವನಿಗೆ ಬೆಂಗಳೂರಿಗೇ ವರ್ಗವಾಗಿ ಕೆಂಗೇರಿಯಲ್ಲಿ ಮನೆ ಕಟ್ಟಿಸಿದ್ದಾನೆ. ಒಳ್ಳೆಯವನು. ಅಕ್ಕನನ್ನು ಕಳೆದುಕೊಂಡ ದುಃಖ ಅವನ ಮುಖದಲ್ಲಿ ಇನ್ನೂ ಇತ್ತು. ಶೈಲಾ ಒಳಗೆ ಅತ್ತೆಯ ಬಳಿ ಹೋದಳು. ಅವನು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು ಶುರುಮಾಡಿದ. "ಮಾಮಾ, ಸಿಟ್ಟಾಗಬ್ಯಾಡ್ರಿ. ಅಕ್ಕ ಇದ್ದಾಗ ಮಾತ ಬ್ಯಾರೆ ಇತ್ತು." ನಾನು ಗೋಣು ಹಾಕಿದೆ. "ಈಗ ನೀವು ಅವ್ವ ಇಬ್ಬರ ಆಗೀರಿ. ಮಂದಿ ಏನಂತಾರ ಅಂತಲ್ರಿ, ಮಂದಿದೇನೈತಿ. ಆದ್ರ ಅವ್ವಗ ಒಂದು ಮಾತು ಆಡಾಕ ಆಗಂಗಿಲ್ಲ, ನಿಮಗೂ ನಿಮ್ಮ ಮನ್ಯಾಗ ನೀವ ಕೆಮ್ಮಿ ಅಡ್ಡಾಡಬೇಕು." ನಾನು ಗೋಣು ಹಾಕಿದೆ. ನನ್ನ ಕಸುಬಿನಲ್ಲಿ ಇಷ್ಟು ವರ್ಷ ಕಳೆದವನಿಗೆ ಗೊತ್ತಿರಬೇಕಾಗಿತ್ತು, ಕೇಳುತ್ತಿದ್ದೇನೆ ಎಂದು ಹಾಕುವ ಗೋಣು ಬೇರೆ, ಆಗಲಿ ಎಂದು ಹಾಕುವ ಗೋಣು ಬೇರೆ, ಎರಡನ್ನೂ ನೋಡುವವರಿಗೆ ಭೇದ ತಿಳಿಯುವುದಿಲ್ಲ ಎಂದು. "ಕೆಂಗೇರ್ಯಾಗ ಅವ್ವಗ ಅಂತ ರೂಮ ಮಾಡಿಸೀವಿ. ಇವತ್ತ ಕರ್ಕೊಂಡು ಹೋಗ್ತೀವಿ." ಇಲ್ಲಿ ನಾನು ಬಾಯಿ ತೆರೆಯಬೇಕಾಗಿತ್ತು. ಆಸ್ಪತ್ರೆಯಲ್ಲಿ ನಿನ್ನಕ್ಕನಿಗೆ ನಾನು ಒಪ್ಪಿಕೊಂಡಿದ್ದೇನಪ್ಪಾ, ಇವರನ್ನು ಕಳಿಸುವುದಕ್ಕೆ ನನಗೆ ಮನಸ್ಸಿಲ್ಲ ಎಂದು ಹೇಳಬೇಕಾಗಿತ್ತು. ಆದರೆ ಹೆತ್ತ ಮಗನೆದುರು ಅಳಿಯ ಹಾಗೆ ಹೇಳಬಹುದೇ? ಅತ್ತೆಗೇ ಹೋಗುವ ಆಸೆಯಿದ್ದರೆ? ಈ ಮುದುಕಮ್ಮನಿಗೆ ಇನ್ನೆಷ್ಟು ದಿನ ಬಾಗಿಲ ಹಿಂದಿನ ಬಾಳು? ಇಷ್ಟೆಲ್ಲ ಗಂಟಲಲ್ಲೇ ಸುತ್ತುತ್ತಿತ್ತು, ಗೋಣು ಮಾತ್ರ ತಾನಾಗಿ ಆಡಿತು.

"ಅವ್ವಾ, ಮಾಮಾರು ಗೋಣ ಹಾಕಿದ್ರು. ನೀ ಏನಂತಿ?" ಎಂದು ಶೇಖರಪ್ಪ ಒಳಕ್ಕೆ ಕೂಗಿದ. ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಇಲ್ಲ ಎನ್ನಲಿ, ಇಲ್ಲ ಎನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಶೈಲಾ ಬಾಗಿಲಿಗೆ ಬಂದು, "ಅತ್ತಿನೂ ಗೋಣ ಹಾಕಿದ್ರರೀ" ಎಂದಳು. ಅಳಿಯ ಒಪ್ಪಿದ ಎಂದು ಅತ್ತೆ ಒಪ್ಪಿದರು, ಅತ್ತೆ ಒಪ್ಪಿದರು ಎಂದು ಅಳಿಯ ಸುಮ್ಮನಾದ. ಅವರು ಹಾಕಿದ ಗೋಣನ್ನು ನಾನು ನೋಡಲೂ ಇಲ್ಲ. ಅಲ್ಲಿಗೆ ಎಲ್ಲರೂ ಊಟಕ್ಕೆ ಎದ್ದರು. ಶೈಲಾ ಬಡಿಸಿದಳು. ಆ ದಿನ ಯಾರೂ ನನಗೆ ಎರಡನೆಯ ರೊಟ್ಟಿಗೆ ಗದ್ದ ಎತ್ತಲಿಲ್ಲ.

ಸಂಜೆ ಹೊರಟರು. ಎರಡು ಬ್ಯಾಗು, ಒಂದು ಕಂಬಳಿ, ವಿಭೂತಿಯ ಡಬ್ಬಿ. ನಾನು ನಡುಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ, ಅವರು ದಾಟಿಹೋಗಲು ಅನುಕೂಲವಾಗಲಿ ಎಂದು. ಹೆಜ್ಜೆಯ ಸದ್ದು ಬಾಗಿಲವರೆಗೂ ಹೋಗಲಿಲ್ಲ, ಅನ್ನಪೂರ್ಣೆಯ ಫೋಟೋದ ಹತ್ತಿರ ನಿಂತಿತು. "ಅನ್ನವ್ವಾ," ಎಂದರು ಅತ್ತೆ, ಪಿಸುಮಾತಿನಲ್ಲಲ್ಲ, ದೊಡ್ಡ ದನಿಯಲ್ಲಿ. "ಅವರಿಗೆ ಹೇಳವಾ. ರೊಟ್ಟಿ ಬಟ್ಟ್ಯಾಗ ಸುತ್ತಿಟ್ಟೀನಿ, ಶೇಂಗಾ ಚಟ್ನಿ ಬರಣಿಯಾಗೈತಿ. ಹಾಲ ಉಕ್ಕಾಕ ಬಿಟ್ಟು ಪೇಪರ್ ಓದಬ್ಯಾಡ್ರಿ ಅಂತ ಹೇಳು. ನಾ ಹೊಂಟೀನಿ ಅಂತ ಹೇಳು." ಶೇಖರಪ್ಪ ಮೂಗೆಳೆದುಕೊಂಡ ಸದ್ದು ಕೇಳಿತು. ಪೋಸ್ಟ್‌ಮ್ಯಾನ್ ಮತ್ತೆ ಕೆಲಸಕ್ಕೆ ಬಂದಿದ್ದಳು. ನಾನೂ ಫೋಟೋಗೆ ಒಂದು ಮಾತು ಹೇಳಬಹುದಾಗಿತ್ತು. ಹೋಗಬೇಡಿ ಅಂತ ನಿಮ್ಮವ್ವನಿಗೆ ಹೇಳು ಎಂದಿದ್ದರೆ ಪದ್ಧತಿಗೂ ಭಂಗವಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಗೋಣು ಹಾಕಿದೆ.

ಅವರು ಹೊರಗೆ ಹೋದ ಮೇಲೆ ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದೆ. ಅತ್ತೆ ಮೆಟ್ಟಿಲು ಇಳಿಯುವಾಗ ಒಂದು ವಿಚಿತ್ರ ಕಂಡಿತು. ಪ್ರತಿ ಮೆಟ್ಟಿಲಿಗೂ ನಿಂತು, ತಲೆ ಓರೆ ಮಾಡಿ, ಕನ್ನಡಕದ ಕೆಳಗಿನ ಸಂದಿಯಿಂದ ನೋಡಿ, ಕಾಲಿನಿಂದ ತಡವಿ ಆಮೇಲೆ ಇಡುತ್ತಿದ್ದರು. ಗೇಟಿನ ಹತ್ತಿರ ಪದ್ಮಾ ಆಂಟಿ ಕೈ ಹಿಡಿದು ಮಾತಾಡಿಸಿದಾಗ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅವರ ಮುಖ ನೋಡಿದರು. ಕನ್ನಡಕ ಹಾಕಿಕೊಂಡರೆ ಕಾಣದವರು ಮಾಡುವುದೆಲ್ಲ ಅದು. ಗಿರಾಕಿಗಳಲ್ಲಿ ನೂರು ಸಲ ನೋಡಿದ್ದೇನೆ, ಹತ್ತು ಮಾರು ದೂರದಿಂದ ಹೇಳಬಲ್ಲೆ. ಮನೆಯೊಳಗೇ ಇದ್ದವರನ್ನು ಮಾತ್ರ ಬೆಳಕಿನಲ್ಲಿ ನೆಟ್ಟಗೆ ನೋಡಿರಲೇ ಇಲ್ಲ. ಅಳಿಯ ಬಾಗಿಲಾಚೆ ನೆಲದ ಮೇಲೆ ಕೂತು ಕಷ್ಟಪಡುತ್ತಿದ್ದಾನೆ, ಬೇಜಾರು ಮಾಡಿಕೊಂಡಾನು ಎಂದು ಎರಡನೆಯ ಗಾಜಿಗೇ ಗೋಣು ಹಾಕಿ, ಆ ತಪ್ಪು ಗಾಜಿನಲ್ಲಿ ಇಷ್ಟು ವರ್ಷ ಅಕ್ಕಿ ಆರಿಸಿ, ರೊಟ್ಟಿ ತಟ್ಟಿ, ಸಾಯುತ್ತಿದ್ದ ಮಗಳ ಮುಖವನ್ನೂ ಆ ಗಾಜಿನಲ್ಲೇ ನೋಡಿದ್ದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಕೆಂಗೇರಿಯೇನು ದೂರವಲ್ಲ, ಮೆಟ್ರೋ ಹೋಗುತ್ತದೆ. ಆದರೆ ಭಾವಮೈದುನನ ಮನೆಗೆ ಕಾರಣವಿಲ್ಲದೆ ಹೋಗುವುದು ಹೇಗೆ, ಹೋದರೂ ಅಲ್ಲಿ ಅವರು ಇನ್ನೊಂದು ಬಾಗಿಲ ಹಿಂದೆ ಹೋಗಿ ನಿಲ್ಲುವವರೇ. ಸಂಜೆ ಫೋನು ಮಾಡುವುದು ಅಭ್ಯಾಸವಾಯಿತು. ಶೇಖರಪ್ಪ ಮಾತಾಡಿ, "ತಡೀರಿ ಮಾಮಾ, ಅವ್ವಗ ಕೊಡ್ತೀನಿ" ಎಂದು ಅವರ ಕಿವಿಗೆ ಹಿಡಿಯುತ್ತಾನೆ. ಆ ಕಡೆ ಉಸಿರು ಕೇಳುತ್ತದೆ, ಕುಕ್ಕರ್ ಕೂಗುವುದು ಕೇಳುತ್ತದೆ. ಈ ಕಡೆ ನಾನು ಗೋಣು ಹಾಕುತ್ತೇನೆ. ಒಂದು ದಿನ ಶೇಖರಪ್ಪ ಹೇಳುವುದು ಕೇಳಿಸಿತು: "ಅವ್ವಾ, ಫೋನಿನ್ಯಾಗ ಗೋಣ ಹಾಕಿದ್ರ ಅವರಿಗೆ ಹ್ಯಾಂಗ ಕಾಣಬೇಕು?" ವಿಡಿಯೋ ಹಾಕಿಕೊಟ್ಟು ನೋಡಿದ. ನನ್ನ ಮುಖ ಕಂಡ ತಕ್ಷಣ ಅತ್ತೆ ಸೆರಗೆಳೆದುಕೊಂಡು ಫೋನನ್ನು ಮಂಚದ ಮೇಲೆ ಮಲಗಿಸಿದರು. ಕೆಂಗೇರಿಯ ಫ್ಯಾನು ತಿರುಗುವುದನ್ನು ಬಹಳ ಹೊತ್ತು ನೋಡಿದೆ. ಬಟ್ಟೆ ಒಣಹಾಕಲು ಮೇಲೆ ಬಂದು ಕಿಟಕಿಯಿಂದ ನನ್ನನ್ನು ನೋಡಿದ ಪದ್ಮಾ ಆಂಟಿ, "ಏನಣ್ಣ, ಫೋನಿಗೆ ತಲೆ ಆಡಿಸ್ತಾ ಕೂತಿದೀರಾ? ಹುಷಾರಾಗಿದೀರ ತಾನೇ?" ಎಂದರು. ಈಗ ಅವರಿಗೆ ಅನುಮಾನ ನನ್ನ ಎದೆಯ ಮೇಲಲ್ಲ, ತಲೆಯ ಮೇಲೆ.

ಮೊನ್ನೆ ಮಧ್ಯಾಹ್ನ ಬಾಪೂಜಿನಗರದಿಂದ ಒಬ್ಬ ಹಿರಿಯರು ಬಂದಿದ್ದರು. ಗಾಜು ಹಾಕಿದೆ, ಗೋಣು ಹಾಕಿದರು. ಬದಲಿಸಿದೆ, ಹಾಕಿದರು. ನಿಘಂಟು ಕೊಟ್ಟು ಓದಿ ಎಂದರೆ ಅದನ್ನು ಹಿಡಿದುಕೊಂಡು ಸುಮ್ಮನೆ ಗೋಣು ಹಾಕಿದರು. ನನಗೆ ಎಲ್ಲಿತ್ತೋ ಸಿಟ್ಟು. "ತಲೆ ಆಡಿಸಬೇಡಿ ಸಾರ್! ಬಾಯಿ ಬಿಟ್ಟು ಹೇಳಿ. ಕಾಣಲ್ಲ ಅಂದ್ರೆ ಕಾಣಲ್ಲ ಅನ್ನಿ. ನಾನೇನು ನಿಮ್ಮನ್ನ ನುಂಗಿಬಿಡ್ತೀನಾ?" ಎಂದು ಕೂಗಿಬಿಟ್ಟೆ. ಪಕ್ಕದ ಹೋಟೆಲಿನವನು ಇಣುಕಿದ. ಹಿರಿಯರು ಹೆದರಿ, "ಕಾಣಲ್ಲಪ್ಪ" ಎಂದರು, ಮೆಲ್ಲಗೆ. ಅವರನ್ನು ಫ್ರೇಮು ಸಮೇತ ಅಲ್ಲೇ ಕೂರಿಸಿ, ಹೊರಗೆ ಬಂದು ಕೆಂಗೇರಿಗೆ ಫೋನು ಮಾಡಿದೆ. ಶೈಲಾ ಎತ್ತಿದಳು. ಅತ್ತೆಗೆ ಕೊಡಮ್ಮ ಎಂದೆ. ಉಸಿರು ಕೇಳಿಸಿತು.

"ಅತ್ತೆ," ಎಂದೆ. ಇಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ಕರೆದದ್ದು ಅದೇ ಮೊದಲು. ನನ್ನ ದನಿ ನನಗೇ ಯಾರದೋ ಅನ್ನಿಸಿತು. "ನಿಮ್ಮ ಕನ್ನಡಕ ಸರಿಯಿಲ್ಲ. ನಾನು ಹಾಕಿದ ನಂಬರೇ ತಪ್ಪು. ಬನ್ನಿ, ಎದುರಿಗೆ ಕೂತ್ಕೊಳ್ಳಿ, ನಾನೇ ನೋಡಿ ಬೇರೆ ಹಾಕಿಕೊಡ್ತೀನಿ. ಕನ್ನಡಕಕ್ಕೆ ಅಂತಲ್ಲ, ಮನೆಗೆ ಬನ್ನಿ. ಅವತ್ತು ನಾನು ಗೋಣು ಹಾಕಿದ್ದು ನಿಮ್ಮನ್ನ ಕಳಿಸೋದಕ್ಕಲ್ಲ. ನೀವಿಲ್ಲದೆ ಮನೆಯಲ್ಲಿ ಇರೋಕೆ ಆಗ್ತಾ ಇಲ್ಲ. ಬರ್ತೀರಾ?"

ಮಾಗಡಿ ರಸ್ತೆಯ ಕಡೆಗೆ ಹೋಗುವ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಉಸಿರು ಒಮ್ಮೆ ತಡೆದು ಮತ್ತೆ ಶುರುವಾಯಿತು, ಸೆರಗು ಸರಿಸಿದ ಹಾಗೆ ಏನೋ ಸದ್ದಾಯಿತು, ಅಷ್ಟೆ. ಅತ್ತೆ ಉತ್ತರ ಕೊಟ್ಟಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಗೋಣು ಮೇಲೆ ಕೆಳಗೆ ಆಡಿತೋ, ಆ ಕಡೆ ಈ ಕಡೆ ಆಡಿತೋ ಗೊತ್ತಿಲ್ಲ. ಒಳಗೆ ಹಿರಿಯರು ಖಾಲಿ ಗೋಡೆ ನೋಡುತ್ತ ಕಾಯುತ್ತಿದ್ದರು. ಈ ಕಡೆಯಿಂದ ನಾನೂ ಒಂದು ಗೋಣು ಹಾಕಿ ಫೋನಿಟ್ಟೆ.